ಮೊದಲನೇ ತಟ್ಟೆಗೆ ಬಂದವರು

ಮೇಷ್ಟರ ನೌಕರಿ ಆರಾಮದ್ದು ಅನ್ನುವವರನ್ನೆಲ್ಲ ಒಂದು ಬೆಳಗ್ಗೆ ಕಂಪ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ತಂದು ನಿಲ್ಲಿಸಬೇಕಿತ್ತು. ಅಲ್ಲಿ ಕಂಬಕ್ಕೆ ಒರಗಿಕೊಂಡು, ಹೆಗಲಿಗೆ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ, ದಪ್ಪ ಕನ್ನಡಕ ಹಾಕಿದ ಹೆಂಗಸೊಬ್ಬಳು ದಿನಾ ನಿಂತಿರುತ್ತಿದ್ದಳು. ಉಳಿದವರು ಬಸ್ಸು ಯಾವಾಗ ಬರುತ್ತದೋ ಎಂದು ಕತ್ತು ಚಾಚಿ ನೋಡುತ್ತಿದ್ದರೆ, ಈಕೆ ಮಾತ್ರ ಬಸ್ಸು ಬಾರದಿರಲಿ ತಾಯೀ ಎಂದು ಬೇಡಿಕೊಳ್ಳುತ್ತಿದ್ದಳು. ಟಯರು ಸಿಡಿಯಲಿ, ಡ್ರೈವರನಿಗೆ ಜ್ವರ ಬರಲಿ, ಕಾಲುವೆ ಏರಿ ಒಡೆದು ರಸ್ತೆ ಮುಳುಗಲಿ, ಒಟ್ಟು ಇವತ್ತೊಂದು ದಿನ ಶಾಲೆ ತಪ್ಪಲಿ. ಮಿಕ್ಕವರಿಗೆಲ್ಲ ಕೈಕೊಡುವ ಆ ಹಾಳು ಬಸ್ಸು ಈಕೆಗೆ ಮಾತ್ರ ಒಂದು ದಿನವೂ ಕೈಕೊಡಲಿಲ್ಲ.

ಹೆಸರು ಊರಮ್ಮ. ಊರು ಹೊಸಪೇಟೆ ಪಕ್ಕದ ಮಲಪನಗುಡಿ. ಅಪ್ಪ ಜಂಬಪ್ಪ ಕಂಡವರ ತೋಟದಲ್ಲಿ ಬಾಳೆಗೊನೆ ಹೊತ್ತು ಮಗಳನ್ನು ಓದಿಸಿದವನು. ಬಳ್ಳಾರಿಯಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿದಾಗ ಹಾಸ್ಟೆಲಿನ ಹುಡುಗಿಯರು, ಇದೆಂಥ ಹೆಸರೇ ಎಂದು ಮುಸಿಮುಸಿ ನಕ್ಕಿದ್ದರು. "ನಮ್ ಕಡಿ ದೇವಿ ಹೆಸರವ್ವ ಅದು, ನಕ್ರ ಕಣ್ಣು ಬರ್ತಾವು ನೋಡ್ರಿ ಮತ್ತ" ಎಂದು ಹೆದರಿಸಿ ಅವರ ಬಾಯಿ ಮುಚ್ಚಿಸಿದ್ದಳು. ಅಂಥ ಗಟ್ಟಿಗಿತ್ತಿ.

ಮೊದಲ ನೌಕರಿ ಸಂಡೂರಿನ ಗುಡ್ಡದ ಬುಡದ ಒಂದು ಹಳ್ಳಿಯಲ್ಲಿ. ಅದಿರಿನ ಲಾರಿ ಓಡಾಡಿ ಓಡಾಡಿ ಅಲ್ಲಿನ ಮಕ್ಕಳ ತಲೆಗೂದಲು, ಅಂಗಿ, ಸ್ಲೇಟು ಎಲ್ಲ ಒಂದೇ ಬಣ್ಣ. ಬೆಳಗ್ಗೆ ಬಂದವಳೇ ಕೋಣೆಯ ಧೂಳು ಒರೆಸಿ, ಮಕ್ಕಳ ಮುಖ ಒರೆಸಿ, ಆಮೇಲೆ ಪಾಠ. ಊರಲ್ಲಿ ಮದುವೆಯಾದರೆ ಆಮಂತ್ರಣ ಪತ್ರಿಕೆ ಬೇಡಿ ತಂದು, ಅದರ ಬೆನ್ನಿಗೆ ಅಕ್ಷರ ಬರೆದು ಮಕ್ಕಳಿಗೆ ಕಾರ್ಡು ಮಾಡುತ್ತಿದ್ದಳು. ಕಣ್ಣು ಮುಚ್ಚಿ ಕೂತು, ಹಿಂದಿನಿಂದ ಬಂದು "ಟೀಚರ್ರೀ" ಅಂದವರು ಯಾರೆಂದು ದನಿಯಿಂದಲೇ ಹೇಳುವುದು ಅವಳ ಆಟ. ಅವರ ಮನೆಯ ಆಡಿನ ಹೆಸರೂ ಗೊತ್ತಿತ್ತು ಅವಳಿಗೆ. ಗಂಡ ಯಲ್ಲೇಶ್ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನು ನಡೆಸುವವನು, "ನೀ ನನ್ನ ಮದಿವ್ಯಾಗಿ ಏನೋ, ಆ ಶಾಲೀನ ಮದಿವ್ಯಾಗಿ ಏನೋ" ಎಂದು ಕಾಡಿಸುತ್ತಿದ್ದ.

ಅವಳಿಗೆ ಹುಚ್ಚು ಹಿಡಿಸಿದ್ದು ನಲಿಕಲಿ. ಸರ್ಕಾರಿ ಶಾಲೆಯ ಮೆಟ್ಟಿಲು ಹತ್ತದವರಿಗಾಗಿ ಎರಡು ಮಾತು ಹೇಳುತ್ತೇನೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಗಿಡ್ಡ ಕಾಲಿನ ದುಂಡು ಮೇಜಿನ ಸುತ್ತ ನೆಲದ ಮೇಲೆ ಕೂರುತ್ತಾರೆ. ಯಾವ ಕ್ಲಾಸು ಅಂತ ನೋಡಿ ಕೂರಿಸುವುದಿಲ್ಲ, ಯಾರಿಗೆ ಎಷ್ಟು ನೆರವು ಬೇಕು ಅಂತ ನೋಡಿ ಕೂರಿಸುತ್ತಾರೆ. ಆ ಗುಂಪುಗಳಿಗೆ ತಟ್ಟೆ ಎಂದು ಹೆಸರು. ಮೊದಲನೇ ತಟ್ಟೆಯವರಿಗೆ ಪೂರ್ತಿ ಟೀಚರೇ ಬೇಕು, ಪಕ್ಕದಲ್ಲಿ ಕೂತು ಕೈಹಿಡಿದು ಕಲಿಸಬೇಕು. ಎರಡನೆಯವರಿಗೆ ಸ್ವಲ್ಪ ಟೀಚರು ಸಾಕು. ಮೂರು, ನಾಲ್ಕನೆಯವರಿಗೆ ಜೊತೆಯ ಮಕ್ಕಳ ನೆರವು. ಐದನೇ ತಟ್ಟೆಯವರು ತಮ್ಮಷ್ಟಕ್ಕೆ ತಾವೇ ಕಲಿಯುವವರು. ಹೊಸ ಪಾಠ ಹಿಡಿದ ಮಗುವನ್ನು ಯಾವ ಟೀಚರೂ, ಎಂಥ ಸೋಮಾರಿ ಟೀಚರೂ, ನೇರ ಐದನೇ ತಟ್ಟೆಗೆ ತಳ್ಳುವುದಿಲ್ಲ.

ಆಮೇಲೆ ವರ್ಗವಾಗಿ ಕಂಪ್ಲಿ ಕಡೆಗೆ ಬಂದಳು. ಎಮ್ಮಿಗನೂರಿನ ದಾರಿಯಲ್ಲಿ, ಕಾಲುವೆಯ ತೂಬಿನ ಪಕ್ಕ, ಭತ್ತದ ಗದ್ದೆಗಳ ನಡುವೆ ಒಂದು ಕ್ಯಾಂಪು. ಹಿಂದೆ ಆಂಧ್ರದಿಂದ ಬಂದು ಗದ್ದೆ ಮಾಡಿದವರ ದೊಡ್ಡ ಮನೆಗಳು ಒಂದು ಸಾಲು, ಅವರ ಗದ್ದೆಯಲ್ಲಿ ದುಡಿಯುವವರ ಗುಡಿಸಲು ಇನ್ನೊಂದು ಸಾಲು. ದೊಡ್ಡ ಮನೆಯ ಮಕ್ಕಳು ಹಳದಿ ವ್ಯಾನಿನಲ್ಲಿ ಪೇಟೆಗೆ ಹೋಗುತ್ತವೆ, ಗುಡಿಸಲಿನವು ಊರಮ್ಮನ ಶಾಲೆಗೆ ಬರುತ್ತವೆ. ಮುಖ್ಯಗುರು ಹೊನ್ನೂರುಸ್ವಾಮಿ, ನಾಲ್ಕು ಐದನೇ ತರಗತಿಗೆ ಚನ್ನಯ್ಯ ಮೇಷ್ಟ್ರು, ನಲಿಕಲಿಗೆ ಊರಮ್ಮ. ಇನ್ನೊಂದು ಹುದ್ದೆ ಖಾಲಿ ಬಿದ್ದು ಎಷ್ಟು ಕಾಲವಾಯಿತೋ ಆ ದೇವರಿಗೇ ಗೊತ್ತು.

ಮೊದಲ ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಫೋನು ಬಂತು ನೋಡಿ ಶಾಲೆಯೊಳಗೆ, ಪಾಠ ಎದ್ದು ಹೊರಗೆ ಹೋಯಿತು. ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಅದರ ಫೋಟೊ. ಹಾಲು ಕುಡಿದ ಫೋಟೊ. ಶೂ ಹಾಕಿದ ಫೋಟೊ, ಕಾಲು ಕಾಣಬೇಕು. ಗಿಡ ನೆಟ್ಟ ಫೋಟೊ, ಗಿಡ ಒಣಗಿದರೆ ಕೇಳುವವರಿಲ್ಲ, ಫೋಟೊ ಮಾತ್ರ ಹಸಿರಾಗಿರಬೇಕು. ಮಗುವಿನ ಆಧಾರ್ ನಂಬರು ಜೋಡಿಸಲು ತಾಯಿಯ ಫೋನಿಗೆ ಒಟಿಪಿ ಬರಬೇಕು. ತಾಯಿ ನಾಟಿ ಹಚ್ಚಲು ಗದ್ದೆಯಲ್ಲಿ, ಫೋನು ಗಂಡನ ಜೇಬಿನಲ್ಲಿ, ಗಂಡ ಎಲ್ಲಿದ್ದಾನೋ ಗಂಡನಿಗೇ ಗೊತ್ತಿಲ್ಲ. ನೆಟ್‌ವರ್ಕ್ ಸಿಗುವುದು ಕಾಲುವೆ ಏರಿಯ ಮೇಲೆ. ಹೊನ್ನೂರುಸ್ವಾಮಿ ಅರ್ಧ ದಿನ ಆ ಏರಿಯ ಮೇಲೆಯೇ, ಕೈ ಮೇಲೆತ್ತಿಕೊಂಡು ಅತ್ತಿಂದಿತ್ತ ತಿರುಗುತ್ತಿದ್ದರು. ಹೊಸಬರು ನೋಡಿದರೆ ಈ ಮನುಷ್ಯ ಯಾವುದೋ ಹರಕೆ ತೀರಿಸುತ್ತಿದ್ದಾನೆ ಅಂದುಕೊಳ್ಳಬೇಕು.

ಊರಮ್ಮನಿಗೆ ಯಾವಾಗ ಸಾಕಾಯಿತು ಎಂದು ಕೇಳಿದರೆ ಅವಳೇ ಹೇಳಲಾರಳು. ಒಂದು ದಿನ ಕಾರ್ಡು ಬರೆಯುವುದು ಬಿಟ್ಟಳು. ಇನ್ನೊಂದು ದಿನ ಹಾಡು ಬಿಟ್ಟಳು. ಮಧ್ಯಾಹ್ನ ಊಟವಾದ ಮೇಲೆ ತನ್ನ ಪುಟಾಣಿಗಳನ್ನೂ ಪಕ್ಕದ ನಾಲ್ಕು ಐದನೇ ತರಗತಿಯ ಕೋಣೆಗೆ ದಾಟಿಸಿ ತಾನು ಫೋನು ಹಿಡಿದು ಕೂರುವುದು ರೂಢಿಯಾಯಿತು. ಒಮ್ಮೆ ಒಂದು ಹುಡುಗಿ ಲಂಗದ ತುದಿಯಲ್ಲಿ ಬಾರೆಹಣ್ಣು, ಅದೇ ಎಲಚಿಹಣ್ಣು, ಕಟ್ಟಿಕೊಂಡು ತಂದು, "ಟೀಚರ್ರೀ, ನನ್ ಹೆಸರು ಹೇಳ್ರಿ ನೋಡಣ, ಕೊಡ್ತೀನಿ" ಅಂದಿತು. ಊರಮ್ಮ ಮುಖ ನೋಡಿದಳು. ಹೆಸರು ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೂ ಬರಲಿಲ್ಲ. "ಏಯ್, ಹೋಗಿ ಕುಂದ್ರು ಅತ್ಲಾಗ" ಎಂದು ಗದರಿದಳು, ಮತ್ತೆ ಮೊಟ್ಟೆಯ ಲೆಕ್ಕಕ್ಕೆ ಕೂತಳು.

ಅದೇ ಹೊತ್ತಿಗೆ ಚನ್ನಯ್ಯ ಮೇಷ್ಟ್ರದೂ ಮುಗಿಯುತ್ತ ಬಂದಿತ್ತು. ಒಳ್ಳೆಯ ಮೇಷ್ಟ್ರು, ಲೆಕ್ಕ ಹೇಳಲು ನಿಂತರೆ ಮಕ್ಕಳು ಬಾಯಿ ತೆರೆದು ಕೂರುತ್ತಿದ್ದವು. ದಸರಾ ರಜೆಯಲ್ಲಿ ಅವರನ್ನು ಮನೆಮನೆ ಸಮೀಕ್ಷೆಗೆ ಹಾಕಿದರು. ಬಾಗಿಲು ತಟ್ಟಿದಲ್ಲೆಲ್ಲ ಬೈಸಿಕೊಂಡು, ಒಂದು ಕಡೆ ನಾಯಿ ಕಚ್ಚಿಸಿಕೊಂಡು, ರಜೆ ಮುಗಿಸಿ ಬಂದವರು ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತರೆ ಕೈ ಏಳದು. ಒಂದು ಮಧ್ಯಾಹ್ನ ಊರಮ್ಮನ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಊರಮ್ಮಾರ, ನನಗ ಯಾಕೋ ಕೈಲಾಗವಲ್ದು."

"ಯಾರಿಗೆ ಆಗ್ತೈತಿ ಬಿಡ್ರಿ ಸರ್. ಎಲ್ಲಾರ್ದೂ ಅದಾ ಕತಿ" ಅಂದಳು ಊರಮ್ಮ. ಫೋನಿನಿಂದ ತಲೆ ಎತ್ತಲಿಲ್ಲ. ಅಪ್‌ಲೋಡ್ ಆಗುತ್ತಿತ್ತು, ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದ ಮಾಡಬೇಕು.

ಅವರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಹೋದರು. ಆಮೇಲೊಂದು ದಿನ ಪಾಠದ ನಡುವೆ ಬಂದು, ಕೈಯಲ್ಲಿದ್ದ ಸೀಮೆಸುಣ್ಣದ ತುಂಡನ್ನು ಊರಮ್ಮನ ಮೇಜಿನ ಮೇಲೆ ಇಟ್ಟು, ಗದ್ದೆಯ ಬದುವಿನ ಮೇಲೆ ನಡೆದು ರಸ್ತೆಗೆ ಹೋಗಿ ಬಸ್ಸು ಹತ್ತಿದರು. ಮತ್ತೆ ಬರಲಿಲ್ಲ. ಸ್ವಯಂ ನಿವೃತ್ತಿ ತಗೊಂಡರಂತೆ, ಹೊಸಪೇಟೆಯಲ್ಲಿ ಅಳಿಯನ ಅಂಗಡಿಯಲ್ಲಿ ಕೂರುತ್ತಾರಂತೆ ಎಂದು ಸುದ್ದಿ ಬಂತು. ಮೇಷ್ಟ್ರಿಗೆ ತಲೆ ಕೆಟ್ಟಿತು ಎಂದರು ಜನ. ಊರಮ್ಮ ಒಂದು ಫೋನೂ ಮಾಡಲಿಲ್ಲ. ಏನಂತ ಮಾಡುವುದು? ತನ್ನದೇ ತನಗೆ ಸಾಕಾಗಿ ಹೋಗಿತ್ತು.

ಜೂನಿನಲ್ಲಿ ಅವರ ಜಾಗಕ್ಕೆ ಅತಿಥಿ ಶಿಕ್ಷಕಿಯೆಂದು ಸುಷ್ಮಿತಾ ಬಂದಳು. ದರೋಜಿಯ ಹುಡುಗಿ, ಬಿ.ಎಡ್. ಆಗಿ ಇನ್ನೂ ಬಿಸಿ ಆರಿರಲಿಲ್ಲ. ಬಣ್ಣದ ಕಾಗದ, ಅಂಟು, ಕತ್ತರಿ ಎಲ್ಲ ಮನೆಯಿಂದಲೇ ತಂದಿದ್ದಳು. ಊರಮ್ಮ ಬೀರುವಿನ ಕೀ ಅವಳ ಕೈಗೆ ಹಾಕಿ, "ಚಾಕ್‌ಪೀಸು ಅಲ್ಲೈತಿ, ಹಾಜರಿ ಇಲ್ಲೈತಿ. ನಿಮ್ಮಷ್ಟಕ್ಕ ನೀವು ಮಾಡ್ಕೊಂಡು ಹೋಗ್ರಿ. ನನ್ನ ಮಾತ್ರ ಏನೂ ಕೇಳಬ್ಯಾಡ್ರಿ" ಅಂದಳು. ಹುಡುಗಿ ಗೋಣು ಹಾಕಿದಳು, ಆಮೇಲೆ ಏನೂ ಕೇಳಲಿಲ್ಲ.

ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಊರಮ್ಮ ತೀರ್ಮಾನಕ್ಕೆ ಬಂದಿದ್ದಳು. ಇನ್ನು ಆಗದು. ಅವಳೂ ಸ್ವಯಂ ನಿವೃತ್ತಿಗೆ ಅರ್ಜಿ ಬರೆದಳು, ಯಲ್ಲೇಶ್ ಬೇಡ ಅನ್ನಲಿಲ್ಲ. ಮುಖ್ಯಗುರುಗಳ ಕೈಗೆ ಸಂಜೆ ಕೊಡೋಣವೆಂದು ಅದನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಬಂದ ದಿನ, ಕೊನೆಯ ಗಂಟೆ ಹೊಡೆದು ಮಕ್ಕಳು ಓಡಿದ ಮೇಲೆ, ಕೈ ತೊಳೆಯಲು ಅಡುಗೆ ಕೋಣೆಯ ಹಿಂದಕ್ಕೆ ಹೋದಳು. ಅಲ್ಲಿ ಸುಷ್ಮಿತಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ದುಪಟ್ಟಾದ ತುದಿ ಬಾಯಿಗೆ ತುರುಕಿಕೊಂಡಿದ್ದಳು. ಭುಜ ಅಲುಗುತ್ತಿದ್ದವು.

"ಯಾಕ್ರಿ?" ಅಂದಳು ಊರಮ್ಮ.

"ಮೇಡಂ, ನನಗ ಯಾಕೋ ಕೈಲಾಗವಲ್ದು."

"ಯಾರಿಗೆ..." ಎಂದು ಊರಮ್ಮನ ಬಾಯಿ ತಾನಾಗಿ ತೆರೆಯಿತು. ಅಷ್ಟಕ್ಕೇ ನಿಂತಿತು. ಮುಂದಿನ ಮಾತೆಲ್ಲ ನಾಲಿಗೆಯ ತುದಿಯಲ್ಲಿ ಸಿದ್ಧವಿತ್ತು, ಹೋದ ವರ್ಷ ಆಡಿದ್ದೇ ಮಾತು. ಆವತ್ತು ಬಾಗಿಲಲ್ಲಿ ನಿಂತಿದ್ದ ಚನ್ನಯ್ಯ ಮೇಷ್ಟ್ರ ಮುಖ ಹೇಗಿತ್ತು ಎಂದು ನೆನೆಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ, ಅವಳು ನೋಡಿಯೇ ಇರಲಿಲ್ಲವಲ್ಲ.

ಈ ಹುಡುಗಿ ಬಂದ ಮೊದಲ ದಿನವೇ ಏನು ಮಾಡಿದೆ ನಾನು? ನೇರ ಐದನೇ ತಟ್ಟೆಗೆ ತಳ್ಳಿದೆ. ಆರು ವರ್ಷದ ಮಗುವಿಗೆ ಮಾಡದ ಕೆಲಸ. "ಥೂ ನನ್ನ ಜನ್ಮಕ್ಕಿಷ್ಟು" ಎಂದು ಗಟ್ಟಿಯಾಗಿಯೇ ಅಂದಳು. ಸುಷ್ಮಿತಾ ತನಗೇ ಬೈದರು ಅಂದುಕೊಂಡು ಇನ್ನೂ ಜೋರಾಗಿ ಅತ್ತಳು.

"ನಿನಗಲ್ಲವ್ವ, ನನಗ. ಬಾ ಇಲ್ಲೆ."

ಕೈ ಹಿಡಿದು ಎಳೆದುಕೊಂಡೇ ಹೋಗಿ ನಲಿಕಲಿ ಕೋಣೆಯ ದುಂಡು ಮೇಜಿನ ಮುಂದೆ ಕೂರಿಸಿದಳು. ಮಂಡಿ ಲಟಲಟ ಅನ್ನುತ್ತಿದ್ದರೂ ತಾನೂ ಪಕ್ಕದಲ್ಲಿ ನೆಲಕ್ಕೆ ಕೂತಳು.

"ಇದು ಮೊದಲ್ನೇ ತಟ್ಟಿ. ನಾ ಎಲ್ಲೂ ಹೋಗಂಗಿಲ್ಲ. ಹೇಳು."

"ನಾ ಇವತ್ತು ಹೊಡದೆ ಮೇಡಂ. ಹುಲಿಗೆಮ್ಮಗ. ಕಪಾಳಕ್ಕ." ಸುಷ್ಮಿತಾ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. "ಎಲ್ಲಾ ಕ್ಲಾಸೂ ಒಂದಾ ಕ್ವಾಣ್ಯಾಗ, ಯಾರು ಏನು ಮಾಡಾಕತ್ತಾರ ನನಗ ತಿಳೀವಲ್ದು. ಅಕಿ ಬಂದು ಬಂದು ಏನೋ ಕೇಳಾಕತ್ತಿದ್ಲು. ಹೊಡದೆ. ಅಕಿ ಅಳಲಿಲ್ರಿ ಮೇಡಂ. ಸುಮ್ನ ಹೋಗಿ ಕುಂತ್ಲು. ಅತ್ತಿದ್ರರ ಚೊಲೋ ಇತ್ತು."

"ಯಾರವ್ವ ಈ ಹುಲಿಗೆಮ್ಮ?"

ಸುಷ್ಮಿತಾ ಅಳು ನಿಲ್ಲಿಸಿ ಅವಳ ಮುಖ ನೋಡಿದಳು. "ನಿಮ್ ಕ್ಲಾಸಿನಾಕಿ ಅಲ್ರಿ ಮೇಡಂ. ಬಾರೆಹಣ್ಣು ತರತಾಳಲ್ರಿ ದಿನಾ."

ಊರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಊಟವಾದ ಮೇಲೆ ಆ ಮಕ್ಕಳನ್ನು ಅತ್ತ ಅಟ್ಟುತ್ತಿದ್ದವಳು ತಾನು. ಬಿದ್ದ ಏಟು ಹುಲಿಗೆಮ್ಮನ ಕೆನ್ನೆಗೆ, ಉರಿದದ್ದು ಸುಷ್ಮಿತಾಳ ಕೈ, ಆದರೆ ಹೊಡೆದವರು ಯಾರು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಸಂಜೆಯ ಬಸ್ಸು ಇಬ್ಬರಿಗೂ ತಪ್ಪಿತು. ಭತ್ತ ಹೊತ್ತ ಟ್ರ್ಯಾಕ್ಟರಿಗೆ ಕೈ ಮಾಡಿ ಕಂಪ್ಲಿ ಸೇರಿದರು. ಅರ್ಜಿ ಬ್ಯಾಗಿನಲ್ಲೇ ಉಳಿಯಿತು.

ಮರುದಿನ ಇಬ್ಬರೂ ಕೆಲಸ ಹಂಚಿಕೊಂಡರು. ಫೋನಿನಲ್ಲಿ ಸುಷ್ಮಿತಾಳ ಕೈ ಚುರುಕು, ಅಪ್‌ಲೋಡೆಲ್ಲ ಅವಳಿಗೆ. ಆ ಹೊತ್ತಿನಲ್ಲಿ ಅವಳ ಮಕ್ಕಳೂ ಊರಮ್ಮನ ಕೋಣೆಗೆ. ಮಧ್ಯಾಹ್ನ ಪುಟಾಣಿಗಳನ್ನು ಎಲ್ಲೂ ಅಟ್ಟುವಂತಿಲ್ಲ. ಸಂಜೆ ಗಂಟೆ ಹೊಡೆದ ಮೇಲೆ, ಬಸ್ಸು ಬರುವ ತನಕ, ದುಂಡು ಮೇಜಿನ ಸುತ್ತ ಕೂರುವುದು. ಫೋನು ಬೀರುವಿನೊಳಗೆ. ಆವತ್ತು ಯಾರಿಗೆ ಹೆಚ್ಚು ಸಾಕಾಗಿದೆಯೋ ಅವರು ಮೊದಲನೇ ತಟ್ಟೆ, ಅವರು ಹೇಳಬೇಕು, ಉಳಿದವರು ಕೇಳಬೇಕು. ಬುದ್ಧಿ ಹೇಳಿದವರಿಗೆ ನಾಳೆ ಚಹಾ ಇಲ್ಲ. ಅಡುಗೆಯ ಭರಮಮ್ಮ ಚಹಾ ಇಟ್ಟುಕೊಂಡು ಬಂದು ತಾನೂ ಕೂತುಬಿಟ್ಟಳು. "ಟೀಚರ್ರು ಅಳೂದು ನೋಡಾಕ ಟಿಕೆಟ್ ಇಲ್ಲಲ್ರಿ?" ಎಂದು ಮೊದಲ ದಿನವೇ ನಗಿಸಿದವಳು ಅವಳು.

ಹೊನ್ನೂರುಸ್ವಾಮಿ ಬಾಗಿಲಲ್ಲೇ ನಿಂತು, "ಇದು ಯಾವ ಕಾರ್ಯಕ್ರಮದಾಗ ಬರ್ತೈತ್ರಿ? ಆದೇಶ ಐತೇನು?" ಎಂದು ವಾರಗಟ್ಟಲೆ ಗೊಣಗಿದರು. ಒಂದು ಸಂಜೆ ಮಾತಿಲ್ಲದೆ ಬಂದು ಚಪ್ಪಲಿ ಬಿಟ್ಟು ಕೂತರು. ಬಹಳ ಹೊತ್ತು ಮೇಜಿನ ಅಂಚು ಕೆರೆಯುತ್ತಿದ್ದು, "ನಿನ್ನೆ ಬ್ಯಾಂಕಿನಾಗ ಹೆಂಡ್ತಿ ಹೆಸರು ಕೇಳಿದ್ರು. ನಾ ಪಾಸ್‌ವರ್ಡ್ ಹೇಳಿದೆ" ಅಂದರು. ಭರಮಮ್ಮ ಬಿದ್ದು ಬಿದ್ದು ನಕ್ಕಳು. ನಗುತ್ತ ನಗುತ್ತ ಹೊನ್ನೂರುಸ್ವಾಮಿಯ ಕಣ್ಣಲ್ಲಿ ನೀರು ಬಂತು, ಅದು ನಗೆಯ ನೀರಲ್ಲ ಎಂದು ಎಲ್ಲರಿಗೂ ತಿಳಿಯಿತು, ಭರಮಮ್ಮ ಚಹಾದ ಲೋಟ ಅವರ ಮುಂದೆ ಸರಿಸಿದಳು.

ಇದರಿಂದ ಎಲ್ಲ ಸರಿಹೋಯಿತು ಎಂದು ಹೇಳಿದರೆ ನನ್ನ ಬಾಯಲ್ಲಿ ಹುಳ ಬೀಳಲಿ. ಖಾಲಿ ಹುದ್ದೆ ಖಾಲಿಯೇ. ನೆಟ್‌ವರ್ಕ್ ಏರಿಯ ಮೇಲೆಯೇ. ಆದರೆ ಊರಮ್ಮನಿಗೆ ಒಂದೊಂದೇ ಹೆಸರು ಮರಳಿ ಬಂತು. ಹುಲಿಗೆಮ್ಮ ಮಾತ್ರ ಸುಲಭಕ್ಕೆ ಒಲಿಯಲಿಲ್ಲ. ಎಷ್ಟೋ ದಿನ ದೂರ ದೂರವೇ ಇದ್ದು, ಕಡೆಗೊಮ್ಮೆ ಹಿಂದಿನಿಂದ ಬಂದು "ಟೀಚರ್ರೀ" ಅಂದಿತು. ಊರಮ್ಮ ಕಣ್ಣು ಮುಚ್ಚಿ, ಸರಿಯಾಗಿ ಹೇಳಿದಳು. ಬಾರೆಹಣ್ಣಿನ ಕಾಲ ಅಷ್ಟರಲ್ಲಿ ಮುಗಿದಿತ್ತು.

ಹೀಗಿರುವಾಗ ಕನಕರಾಜ್ ಬಂದ. ಸುತ್ತಿನ ಹತ್ತಾರು ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ, ಬೈಕಿನ ಮೇಲೆಯೇ ಅರ್ಧ ಆಯುಷ್ಯ ಕಳೆಯುವ ಹುಡುಗ. ಸಂಜೆಯ ಹೊತ್ತಿಗೆ ಬಂದವನು ನಾಲ್ವರೂ ನೆಲದ ಮೇಲೆ ಕೂತಿದ್ದನ್ನು ನೋಡಿ, ಕೇಳಿ ತಿಳಿದುಕೊಂಡು, "ಭಾಳ ಮಸ್ತ್ ಐತ್ರಿ ಮೇಡಂ ಇದು!" ಎಂದು ಒಂದು ಫೋಟೊ ಹೊಡೆದ. ಐದು ಬಣ್ಣ ಬಳಿದ ದುಂಡು ಮೇಜು, ನಾಲ್ಕು ಬಣ್ಣದ ಮುಂದೆ ನಾಲ್ವರು. ಊರಮ್ಮನಿಗೆ ಒಳಗೊಳಗೆ ಹೆಮ್ಮೆಯೇ ಆಯಿತು. ಬೇಡ ಅನ್ನಬೇಕಿತ್ತು.

ಹದಿನೈದು ದಿನ ಕಳೆಯುವಷ್ಟರಲ್ಲಿ ಮೇಲಿನಿಂದ ಸುತ್ತೋಲೆ ಬಂತು. ಎಲ್ಲ ಶಾಲೆಗಳಲ್ಲಿ ಪ್ರತಿದಿನ ಸಂಜೆ 'ಸ್ಪಂದನ ತಟ್ಟೆ' ನಡೆಸತಕ್ಕದ್ದು. ಶಿಕ್ಷಕರು ತಮ್ಮ ಒತ್ತಡಕ್ಕೆ ಒಂದರಿಂದ ಹತ್ತರೊಳಗೆ ಅಂಕ ಕೊಟ್ಟುಕೊಳ್ಳತಕ್ಕದ್ದು. ನಮೂನೆ ತುಂಬಿ, ಫೋಟೊ ಸಮೇತ ಅಂದೇ ಅಪ್‌ಲೋಡ್ ಮಾಡತಕ್ಕದ್ದು. ತಪ್ಪಿದಲ್ಲಿ ಕಾರಣ ಕೇಳಿ ನೋಟಿಸು ನೀಡಲಾಗುವುದು.

ಓದಿ ಹೊನ್ನೂರುಸ್ವಾಮಿ ತಲೆಯ ಮೇಲೆ ಕೈ ಹೊತ್ತರು. ಆಸುಪಾಸಿನ ಶಾಲೆಗಳಿಂದ ಊರಮ್ಮನಿಗೆ ಫೋನುಗಳ ಮೇಲೆ ಫೋನು. "ಏನವ್ವ ತಾಯಿ, ಸುಮ್ನ ಇರಾಕ ಆಗಲಿಲ್ಲೇನು ನಿನಗ? ಇದ್ದ ಕಾಟ ಸಾಲಂಗಿಲ್ಲ ಅಂತ ಇದೊಂದು ಹಚ್ಚಿದೇನು?" ಎಂದು ಟ್ರೈನಿಂಗಿನ ದಿನಗಳ ಗೆಳತಿಯೇ ಉಗಿದಳು. ಊರಮ್ಮ ಸಿಟ್ಟಿನಿಂದ ಕನಕರಾಜನನ್ನು ಹಿಡಿದು ಜಾಡಿಸಿದಳು.

"ನಾ ಏನ್ ಮಾಡ್ಲಿ ಮೇಡಂ" ಅಂದ ಆತ. ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು. "ತಿಂಗಳಾ ಒಂದು ಹೊಸಾದು ತೋರಸು ಅಂತಾರ. ಇಲ್ಲಂದ್ರ ಮೀಟಿಂಗಿನಾಗ ಎಬ್ಬಿಸಿ ನಿಂದ್ರಸ್ತಾರ. ಆ ತಿಂಗಳು ನನ್ನ ಹತ್ರ ಏನೂ ಇರಲಿಲ್ರಿ."

ಅವನನ್ನೂ ಬೈಯುವುದು ಹೇಗೆ? ಉಪಾಯ ಹುಡುಕಿದ್ದು ಸುಷ್ಮಿತಾ. ಒಂದೇ ಶನಿವಾರ ಸೀರೆ, ಶಾಲು, ಜಾಗ ಬದಲಿಸಿ ಬದಲಿಸಿ ತಿಂಗಳಿಗಾಗುವಷ್ಟು ಫೋಟೊ ಹೊಡೆದಿಟ್ಟರು. ದಿನಕ್ಕೊಂದು ಕಳಿಸಿ, ಒತ್ತಡಕ್ಕೆ ಎರಡು ಅಂಕ ಹಾಕಿ, ಫೋನನ್ನು ಬೀರುವಿಗೆ ಹಾಕಿ ನಿಜವಾಗಿ ಕೂತರು. ಕಷ್ಟ ಹೇಳಿಕೊಳ್ಳಲೂ ಕಳ್ಳರಂತೆ ಕೂರಬೇಕಾಗಿ ಬಂತು.

ಆಮೇಲೆ ಹೊಸಪೇಟೆಯಲ್ಲಿ ತರಬೇತಿ. ಸುತ್ತಲಿನ ತಾಲ್ಲೂಕುಗಳ ಶಿಕ್ಷಕರಿಗೆಲ್ಲ ಬರಹೇಳಿದ್ದರು; ಊರಮ್ಮ ವೇದಿಕೆ ಹತ್ತಿ ತನ್ನ ಯಶಸ್ಸಿನ ಬಗ್ಗೆ ಮಾತನಾಡಬೇಕು. ಬರುವಾಗ ಅಲ್ಲಿನ ಬಸ್‌ಸ್ಟ್ಯಾಂಡಿನ ಹಿಂದಿನ ಜೆರಾಕ್ಸ್ ಅಂಗಡಿಯಿಂದ ನಮೂನೆಗಳ ಕಟ್ಟು ತನ್ನಿ ಎಂದು ಕನಕರಾಜ್ ಹೇಳಿದ್ದ. ಅಂಗಡಿ ಹುಡುಕಿಕೊಂಡು ಹೋಗಿ ಒಳಗೆ ಬಗ್ಗಿ ನೋಡಿದಳು. ಮೆಷಿನ್ನಿನ ಮುಂದೆ, ಬೆಳಕು ಮುಖದ ಮೇಲೆ ಹಾದು ಹಾದು ಹೋಗುತ್ತ, ಚನ್ನಯ್ಯ ಮೇಷ್ಟ್ರು ನಿಂತಿದ್ದರು.

ಗಡ್ಡ ಬೆಳ್ಳಗಾಗಿತ್ತು. ಅವಳನ್ನು ನೋಡಿ ಆಶ್ಚರ್ಯವೇನೂ ಪಡಲಿಲ್ಲ.

"ಬರ್ರಿ ಊರಮ್ಮಾರ. ಮುಂಜಾನಿಂದ ನಿಮ್ಮನ್ನಾ ತಗಿಯಾಕತ್ತೀನಿ" ಎಂದು ಟ್ರೇಯಿಂದ ಒಂದು ಹಾಳೆ ಎತ್ತಿ ತೋರಿಸಿದರು. ನಮೂನೆಯ ನೆತ್ತಿಯ ಮೇಲೆ ಆ ಫೋಟೊ. ದುಂಡು ಮೇಜು, ನಾಲ್ವರು.

ಊರಮ್ಮ ಒಳಗೆ ಬಂದಳು. ಆರೋಗ್ಯ ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಅಂದರು. ಮಕ್ಕಳ ಹೆಸರು ಹಿಡಿದು ಹಿಡಿದು ಕೇಳಿದರು, ಆ ಹುಡುಗ ಏನ್ಮಾಡ್ತಾನ, ಈ ಹುಡುಗಿ ಹೆಂಗ ಅದಾಳ ಎಂದು. ಪುಣ್ಯಕ್ಕೆ ಈಗ ಎಲ್ಲರ ಹೆಸರೂ ಅವಳಿಗೆ ಗೊತ್ತಿತ್ತು. ಸುಷ್ಮಿತಾಳ ಕತೆ ಹೇಳಿದಳು, ಸಂಜೆಯ ಮೇಜಿನ ಕತೆ ಹೇಳಿದಳು. ಅವರು ಹಾಳೆ ಜೋಡಿಸುತ್ತಲೇ ಕೇಳಿದರು. ಎಲ್ಲ ಮುಗಿದ ಮೇಲೆ ಮೆಷಿನ್ನು ನಿಲ್ಲಿಸಿದರು. ಫೋಟೊದಲ್ಲಿ ಯಾರೂ ಕೂರದ ಐದನೇ ಬಣ್ಣದ ಮೇಲೆ ಬೆರಳಿಟ್ಟರು.

"ನಾ ಬಾಗಲದಾಗ ನಿಂತಾಗ ಇದು ಇತ್ತೇನ್ರಿ ಅಲ್ಲೆ?"

"ಇತ್ರಿ ಸರ್. ಮೇಜು ಅಲ್ಲೇ ಇತ್ತು. ನಾ ನಿಮಗ ಕುಂದ್ರಿ ಅನಲಿಲ್ಲ."

"ಹಾಂ" ಅಂದರು ಚನ್ನಯ್ಯ ಮೇಷ್ಟ್ರು. "ನಾ ಭಾಳ ಹೊತ್ತು ನಿಂತಿದ್ದೆ."

"ತಪ್ಪಾತ್ರಿ ಸರ್. ಈಗರ ಬರ್ರಿ. ಒಂದು ಸಂಜಿ ಬಂದು ಸುಮ್ನ ಕುಂತು ಹೋಗ್ರಿ."

"ಬ್ಯಾಡ್ರಿ. ಆ ರಸ್ತೆಗೆ ಬಸ್ಸು ತಿರುಗಿದ್ರ ನನಗ ಇವತ್ತಿಗೂ ಕೈ ನಡಗ್ತಾವು." ಕಟ್ಟಿಗೆ ಸುತಳಿ ಬಿಗಿದು ಅವಳ ಕೈಗೆ ಕೊಟ್ಟರು. "ಆ ಹುಡುಗೀನ ಕರದು ಕುಂದ್ರಿಸಿದ್ರಲ್ಲ, ಚೊಲೋ ಮಾಡಿದ್ರಿ. ಹೋಗ್ರಿ, ಟೈಮಾತು." ಆಮೇಲೆ ಬೆನ್ನು ತಿರುಗಿಸಿ ಮೆಷಿನ್ನು ಹಚ್ಚಿದರು. ಮುಂದಿನ ಗಿರಾಕಿ ಆಧಾರ್ ಕಾರ್ಡು ಹಿಡಿದು ನಿಂತಿದ್ದ.

ಸಭಾಂಗಣದಲ್ಲಿ ಜನ ತುಂಬಿದ್ದರು. ವೇದಿಕೆಯ ಮೇಲೆ ಕರೆದು ಹಾರ ಹಾಕಿ ಮೈಕು ಕೊಟ್ಟರು. ಎರಡು ದಿನ ಕೂತು ಬರೆದುಕೊಂಡ ಭಾಷಣ ಬ್ಯಾಗಿನಲ್ಲಿತ್ತು, ನಿವೃತ್ತಿಯ ಅರ್ಜಿಯ ಜೊತೆಗೇ. ಆ ಅರ್ಜಿಯನ್ನು ಅವಳು ಕೊಟ್ಟೂ ಇರಲಿಲ್ಲ, ಹರಿದೂ ಇರಲಿಲ್ಲ. ಬ್ಯಾಗು ತೆರೆಯದೆ ಮಾತು ಶುರುಮಾಡಿದಳು.

"ನನ್ನ ಜೋಡಿ ಒಬ್ರು ಮೇಷ್ಟ್ರು ಇದ್ರು. ಕೈಲಾಗವಲ್ದು ಅಂತ ನನ್ನ ಬಾಗಲಿಗೆ ಬಂದು ನಿಂತ್ರು. ನಾ ತಲಿ ಎತ್ತಲಿಲ್ಲ. ಅವರು ನೌಕರಿ ಬಿಟ್ಟು ಹೋದ್ರು. ಈಗ ನೀವು ಕೈಯಾಗ ಹಿಡಕೊಂಡೀರಲ್ಲ, ಆ ಹಾಳಿ ಅವರಾ ಜೆರಾಕ್ಸ್ ಮಾಡಿಕೊಟ್ಟಾರ. ಇದಕ್ಕ ಅಂಕ ಎಷ್ಟು ಹಾಕಬೇಕು ಅಂತ ನೀವಾ ಹೇಳ್ರಿ. ಯಾರರ ಬಂದು ಬಾಗಲದಾಗ ನಿಂತ್ರ ತಲಿ ಎತ್ರಿ. ಅಷ್ಟಾ. ಫಾರ್ಮ್ ಬ್ಯಾಡ, ಫೋಟೊ ಬ್ಯಾಡ. ಯಶಸ್ಸು ನನ್ನ ಹತ್ರ ಏನೂ ಇಲ್ರಿ."

ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಹಿಂದಿನ ಅರ್ಧ ಜನ ತರಬೇತಿಯ ಹಾಜರಿ ಹಾಕಲು ಫೋನಿಗೆ ಮುಖ ತೋರಿಸುತ್ತಿದ್ದರು, ಅವರಿಗೆ ಮಾತು ಮುಗಿದದ್ದೇ ತಿಳಿಯಲಿಲ್ಲ. ನಿರೂಪಣೆಯವರು ಗಡಿಬಿಡಿಯಿಂದ ಎದ್ದು, ಅನುಭವಪೂರ್ಣ ಮಾತುಗಳಿಗೆ ಧನ್ಯವಾದ ಎಂದು ಚಹಾಕ್ಕೆ ಬಿಟ್ಟರು. ಒಂದಷ್ಟು ಚಪ್ಪಾಳೆಯೂ ಬಿತ್ತು.

ಊರಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಚಹಾದ ಲೋಟ ತುಟಿಗೆ ಇಟ್ಟಳು. ಮಾತನಾಡಿದ್ದೂ ಒಂದೇ, ಮಾತನಾಡದಿದ್ದರೂ ಒಂದೇ ಅನ್ನಿಸಿತು. ಆಗ ಪಕ್ಕಕ್ಕೆ ಒಬ್ಬರು ಬಂದು ನಿಂತರು. ಮಾಸಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಅವಳು ಎಂದೂ ನೋಡಿರದ ಮನುಷ್ಯ. ಸಂಡೂರು ಕಡೆಯ ಶಾಲೆ ಎಂದರು. ಹೆಸರು ಮುದುಕಪ್ಪ ಎಂದರು. ಜೇಬಿನ ಪೆನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದರು.

"ಮೇಡಂ, ನನಗೂ..." ಅಂದರು.

ಒಳಗೆ ಎರಡನೇ ಅವಧಿಯ ಗಂಟೆ ಹೊಡೆಯಿತು. ಕನಕರಾಜ್ ಬಾಗಿಲಿಗೆ ಓಡಿಬಂದು, "ಮೇಡಂ ಜಲ್ದಿ ಬರ್ರಿ, ಗ್ರೂಪ್ ಫೋಟೊ ಐತಿ, ನೀವು ನಡುವ ನಿಂದ್ರಬೇಕು" ಎಂದು ಕೂಗಿದ.

"ನನ್ನ ಬಿಟ್ಟು ತಕ್ಕೋರಪ್ಪ" ಅಂದಳು ಊರಮ್ಮ. ಲೋಟ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ತಲೆ ಎತ್ತಿ ಆ ಮನುಷ್ಯನ ಮುಖ ಸರಿಯಾಗಿ ನೋಡಿದಳು.

"ಕುಂದ್ರಿ ಸರ್" ಅಂದಳು. "ಹೇಳ್ರಿ."